ಅತ್ತೆಯವರ ಬೀಜದ ಕುಂಬಳಕಾಯಿ

ಮೊನ್ನೆ ಧಾರವಾಡದ ಸಂತೆಯಲ್ಲಿ ಒಬ್ಬಾಕೆ ಕುಂಬಳಕಾಯಿಯನ್ನು ಹೋಳು ಮಾಡಿ ಮಾರುತ್ತಿದ್ದಳು. ಯುದ್ಧದಿಂದಾಗಿ ಎಲ್ಲವೂ ತುಟ್ಟಿಯಾದ ದಿನಗಳು ನೋಡಿ, ಇಡೀ ಕಾಯಿ ಕೊಳ್ಳುವವರು ಕಡಿಮೆ. ಹಸಿ ಕುಂಬಳದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಇಪ್ಪತ್ತು ವರ್ಷ ಹಿಂದಕ್ಕೆ, ಹುಬ್ಬಳ್ಳಿಯ ನಮ್ಮ ಅತ್ತೆಯವರ ಹಿತ್ತಲಿಗೆ ಹೋಗಿ ನಿಂತಿದ್ದೆ.

ಅತ್ತೆಯವರು ಊಟಕ್ಕೆ ಮೊದಲು ಮಾಡುತ್ತಿದ್ದ ಪ್ರಾರ್ಥನೆಯನ್ನು ನೀವು ಕೇಳಬೇಕಿತ್ತು. ನಾವು ಕ್ರೈಸ್ತರು; ನನ್ನ ತವರಿನಲ್ಲಿ ದೇವರು ಕೊಟ್ಟದ್ದಕ್ಕೆಲ್ಲ ಸೇರಿಸಿ ಒಂದೇ ಸ್ತೋತ್ರ, ಎಂದರೆ ವಂದನೆ, ಹೇಳಿ ತುತ್ತಿಗೆ ಕೈಹಾಕುವ ರೂಢಿ. ಇವರದು ಹಾಗಲ್ಲ. ಬಾವಿಯ ನೀರಿಗೆ, ಎಮ್ಮೆಗೆ, ಮೊಣಕಾಲು ನೋವು ಇಳಿದದ್ದಕ್ಕೆ, ಪಾಪ ಕ್ಷಮಿಸಿದ್ದಕ್ಕೆ ಒಂದೊಂದಾಗಿ ಹೆಸರು ಹಿಡಿದು ಸ್ತೋತ್ರ. ಎಮ್ಮೆಯೂ ಆತ್ಮದ ರಕ್ಷಣೆಯೂ ಒಂದೇ ಉಸಿರಿನಲ್ಲಿ ಬರುತ್ತಿದ್ದವು. ನಾನು ಒಂದು ಕಣ್ಣು ತೆರೆದು ಪಲ್ಯದ ಕಡೆ ನೋಡುತ್ತಿದ್ದೆ.

ಅದರಲ್ಲಿ ‘ನಮ್ಮವ್ವ ಕೊಟ್ಟ ಕುಂಬಳಬಳ್ಳಿ’ಯೂ ದಿನಾ ಬರುತ್ತಿತ್ತು. ಅತ್ತೆಯವರ ತೀರಿಹೋದ ತಾಯಿ ಮದುವೆಯ ದಿನ ಮಗಳ ಸೆರಗಿಗೆ ಕಟ್ಟಿಕೊಟ್ಟ ಬೀಜ ಅದು. ವರ್ಷವರ್ಷವೂ ಒಂದು ಕಾಯನ್ನು ಬೀಜಕ್ಕೆ ಉಳಿಸಿ, ಮುಂದಿನ ಮಳೆಗೆ ಊರಿ, ಕಾಪಾಡಿಕೊಂಡು ಬಂದಿದ್ದರು. ಈ ಉಳಿಸುವ ಸಂಗತಿ ಹೊಸ ಸೊಸೆಯಾದ ನನಗೇನು ಗೊತ್ತು? ಮಾಸ್ತರರ ಮಗಳು, ಕಾಯಿಪಲ್ಯ ಬುಟ್ಟಿಯಲ್ಲೇ ಹುಟ್ಟುತ್ತದೆಂದು ತಿಳಿದಿದ್ದವಳು.

ಸುಗ್ಗಿಯ ಸ್ತೋತ್ರದ ಭಾನುವಾರ ಬಂತು. ಮನೆಮನೆಯವರೂ ಬೆಳೆದದ್ದನ್ನು ಚರ್ಚಿಗೆ ಒಯ್ದು ಒಪ್ಪಿಸುವುದು, ಆರಾಧನೆ ಮುಗಿದ ಮೇಲೆ ಅವನ್ನು ಲಿಲಾವು, ಎಂದರೆ ಹರಾಜು, ಮಾಡುವುದು ನಮ್ಮವರ ಪದ್ಧತಿ. “ಹಿತ್ತಲದಾಗಿಂದ ಒಂದು ಛಲೋ ಕಾಯಿ ಹರಕೊಂಡು ಬಾರವಾ” ಎಂದು ಹೇಳಿ ಅತ್ತೆಯವರು ಚರ್ಚಿಗೆ ಮುಂದೆ ಹೋದರು. ಬಳ್ಳಿಯಲ್ಲಿ ಎಲ್ಲಕ್ಕಿಂತ ದೊಡ್ಡ ಕಾಯಿಗೆ ಕೆಂಪು ಅರಿವೆಯ ಚೂರು ಕಟ್ಟಿತ್ತು. ಇಷ್ಟು ಪ್ರಾರ್ಥಿಸುವ ಹೆಂಗಸು ಗುರುತು ಮಾಡಿ ಮೀಸಲಿಟ್ಟದ್ದು ದೇವರಿಗಲ್ಲದೆ ಮತ್ತಾರಿಗೆ? ಹರಿದೆ.

ಜೋಳದ ತೆನೆಗಳ ರಾಶಿಯ ಹಿಂದೆ ಇಟ್ಟದ್ದರಿಂದ ಅದು ಅತ್ತೆಯವರ ಕಣ್ಣಿಗೆ ಬಿದ್ದದ್ದು ಲಿಲಾವಿನಲ್ಲಿ ಎತ್ತಿ ಹಿಡಿದಾಗಲೇ. ನಮ್ಮ ಓಣಿಯ ಯೋಹಾನಪ್ಪ ಹೆಚ್ಚಿನ ಬೆಲೆ ಕೂಗಿ ಅದನ್ನು ಪಡೆದುಕೊಂಡ. ಅತ್ತೆಯವರು ನನ್ನ ಕೈ ಹಿಡಿದರು.

“ತಂಗೀ, ಅದು ಬೀಜದ ಕಾಯಿ. ಉಳಿದವೆಲ್ಲಾ ಎಳೇವು, ಬಲಿಯೋದ್ರಾಗ ಬಳ್ಳಿ ಒಣಗಿ ಹೋಗತೈತಿ.”

“ತಿರುಗಿ ಕೇಳೋಣೇನ್ರಿ, ಅತ್ತಿ?”

“ದೇವರಿಗೆ ಕೊಟ್ಟದ್ದು ತಿರುಗಿ ಕೇಳಾಕ ಬರತೈತೇನು? ಸುಮ್ನ ಕೂಡು.”

ಅಂದು ಮಧ್ಯಾಹ್ನ ಊಟದ ಪ್ರಾರ್ಥನೆ ಬಾವಿ ದಾಟಿತು, ಎಮ್ಮೆ ದಾಟಿತು, ಬಳ್ಳಿಯ ಹತ್ತಿರ ಬಂದು ನಿಂತುಬಿಟ್ಟಿತು. ನಾನು ಕಣ್ಣು ತೆರೆಯುವ ಧೈರ್ಯ ಮಾಡಲಿಲ್ಲ.

“ಕರ್ತನೇ, ಇಷ್ಟು ವರ್ಷ ದೊಡ್ಡದು ನಾ ಇಟ್ಕೊಂಡು ಸಣ್ಣದು ನಿನಗ ಕೊಟ್ಟೆ. ಈ ಹುಡುಗಿ ತಿಳೀದನ ಸರಿ ಮಾಡ್ಯಾಳ. ಅದಕ್ಕೂ ಸ್ತೋತ್ರ.” ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಸಂಜೆ ಅವರಿಗೆ ಹೇಳದೆ, ನಾಲ್ಕು ಬೀಜವನ್ನಾದರೂ ಕೇಳಲು ಯೋಹಾನಪ್ಪನ ಮನೆಗೆ ಓಡಿದೆ. ಅವನ ಹೆಂಡತಿ ನಕ್ಕಳು. “ನಮ್ಮಿಬ್ಬರಿಗೆ ಅಷ್ಟು ದೊಡ್ಡ ಕಾಯಿ ಯಾಕವಾ? ಓಣಿಗೆಲ್ಲಾ ಹಂಚಿಬಿಟ್ಟೆ. ಬೀಜಾನೂ ಹೋಳಿನ ಸಂಗಾಟ ಹೋದವು.” ಬರಿಗೈಯಲ್ಲಿ ಬಂದೆ.

ಮುಂದಿನ ಮಳೆಗಾಲ ಓಣಿಯ ಒಂದೊಂದು ತಿಪ್ಪೆಯ ಮೇಲೂ ಒಂದೊಂದು ಕುಂಬಳಬಳ್ಳಿ ತಾನಾಗಿಯೇ ಎದ್ದಿತು. ಬೇಲಿ ಹತ್ತಿತು, ಯೋಹಾನಪ್ಪನ ಹೆಂಚಿನ ಮೇಲೂ ಹರಿಯಿತು. ಆ ಸಲದ ಸ್ತೋತ್ರದ ಭಾನುವಾರ ಚರ್ಚಿನಲ್ಲಿ ಎಲ್ಲಿ ನೋಡಿದರೂ ಕುಂಬಳಕಾಯಿ. ಪಾದ್ರಿಗಳಿಗೆ ಕಾಲಿಡಲು ಜಾಗವಿಲ್ಲ. ಅತ್ತೆಯವರು ಸೆರಗು ಬಾಯಿಗಿಟ್ಟು ನಕ್ಕರು, ಕಣ್ಣು ಮಾತ್ರ ತುಂಬಿತ್ತು.

“ನೋಡಲೇ ತಂಗೀ, ಒಂದು ಬಳ್ಳಿ ಕಾಯ್ಕೊಂತ ಕುಂತಿದ್ದೆ ನಾನು. ನಮ್ಮವ್ವ ಊರೆಲ್ಲಾ ತಿರುಗಾಕತ್ತಾಳ!”

ಅತ್ತೆಯವರು ಈಗಿಲ್ಲ. ಇದ್ದದ್ದಕ್ಕೆಲ್ಲ ಹೆಸರು ಹಿಡಿದು ಸ್ತೋತ್ರ ಹೇಳುವುದನ್ನು ನಾನು ಅವರಿಂದಲೇ ಕಲಿತೆ. ಆದರೆ ಮೊನ್ನೆ, ಸಂತೆಯಿಂದ ಬಂದು ಊಟಕ್ಕೆ ಕುಳಿತಾಗ, ಮೊದಲ ಸಲ, ಕೈಬಿಟ್ಟು ಹೋದವಕ್ಕೂ ಸ್ತೋತ್ರ ಹೇಳತೊಡಗಿದೆ. ಬಾಯಿಗೆ ಮೊದಲು ಬಂದದ್ದು ಅತ್ತೆಯವರ ಹೆಸರೇ.