ಗಂಗಣ್ಣ ಭಾವನ ಬಲಗೈ

ಮೊನ್ನೆ ಶನಿವಾರ ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಚಾರ್ಜಿಂಗ್ ಪಿನ್ ಸಡಿಲವಾದ ಮೊಬೈಲನ್ನು ರಿಪೇರಿಗೆ ಕೊಟ್ಟು ನಿಂತಿದ್ದೆ. ಅಂಗಡಿಯವನು ಬಿಸಿ ಸಾಲ್ಡರಿಂಗ್ ಕಡ್ಡಿಯನ್ನು ರಾಳಕ್ಕೆ ಮುಟ್ಟಿಸಿದ. ಚುಯ್ ಎಂದು ತೆಳ್ಳಗಿನ ಬಿಳಿ ಹೊಗೆ ಎದ್ದಿತು. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಕತ್ತು ಚಾಚಿ ಇನ್ನಷ್ಟು ಎಳೆದುಕೊಂಡೆ. "ಏನ್ ಮೇಡಂ, ನಂಬ್ಕೆ ಇಲ್ವಾ? ಒಳಗಿಂದು ಏನೂ ಬದ್ಲಾಯಿಸಲ್ಲ ನಾನು," ಎಂದ ಆತ ಬೇಜಾರಿನಿಂದ. ಆ ಹೊಗೆ ನನ್ನ ಪಾಲಿಗೆ ಮದುವೆಯಾಗಿ ಬಂದ ಮನೆಯ ವಾಸನೆ ಎಂದು ಅವನಿಗೆ ಹೇಗೆ ಹೇಳಲಿ? ನಿಮಗಾದರೆ ಹೇಳಬಹುದು. ಪಿನ್ ಕೂರಿಸಲು ಅವನಿಗೂ ಹೊತ್ತು ಬೇಕು.

ನಾನು ಸೇರಿದ್ದು ಮಧುರೆಯ ಒಂದು ಕೂಡು ಕುಟುಂಬಕ್ಕೆ. ನನ್ನ ಗಂಡನ ಅಣ್ಣ ಗಂಗಣ್ಣ ಭಾವ ಊರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದರು. ಸುತ್ತಲಿನ ಹಳ್ಳಿಗಳಲ್ಲಿ ಯಾರ ಬೋರ್‌ವೆಲ್ ಮೋಟಾರು ಸುಟ್ಟರೂ ಅದಕ್ಕೆ ಹೊಸ ತಾಮ್ರದ ತಂತಿ ಸುತ್ತುವವರು ಅವರೇ. ಮಿಕ್ಕ ತಂತಿ ನಮ್ಮ ಮನೆಯ ಮೇಲೆ ಏರುತ್ತಿತ್ತು. ಹಿತ್ತಲಿನ ತೆಂಗಿನಮರದಿಂದ ಕೊಟ್ಟಿಗೆಯ ಸೂರಿನವರೆಗೆ ಎಳೆದಿದ್ದ ಆ ತಂತಿ ಭಾವನ ರೇಡಿಯೋದ ಆಂಟೆನಾ. ಅವರ ಹೆಂಡತಿ ಜಯಕ್ಕನಿಗೆ ಅದು ಬಟ್ಟೆ ಒಣಹಾಕುವ ಹಗ್ಗ. ಈ ಒಂದು ವಿಷಯದಲ್ಲಿ ಗಂಡಹೆಂಡಿರು ಕೊನೆಗೂ ರಾಜಿಯಾಗಲಿಲ್ಲ.

ಭಾವ ಹವ್ಯಾಸಿ ರೇಡಿಯೋದವರು. ಸರ್ಕಾರಕ್ಕೆ ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು, ಮನೆಯಲ್ಲೇ ಬೆಸುಗೆ ಹಾಕಿ ಕಟ್ಟಿದ ತಮ್ಮದೇ ಯಂತ್ರದಿಂದ ದೂರದವರ ಜೊತೆ ಮಾತಾಡುವ ಪೈಕಿ. ಮಾತು ಅಂದೆನಲ್ಲ, ಅದು ತಪ್ಪು. ಅವರ ಬಳಿ ಮೈಕು ಇತ್ತು, ಆದರೆ ಅದು ಸದಾ ಕರ್ಚೀಫು ಹೊದ್ದು ಮಲಗಿರುತ್ತಿತ್ತು. "ಬಾಯಲ್ಲಿ ಮಾತಾಡಕ್ಕೆ ರೇಡಿಯೋ ಯಾಕಮ್ಮ ಬೇಕು, ಬಸ್‌ಸ್ಟ್ಯಾಂಡ್ ಸಾಕು," ಎನ್ನುತ್ತಿದ್ದರು. ಅವರಿಗೆ ಬೇಕಾದದ್ದು ಮೋರ್ಸ್ ಸಂಕೇತ, ಅದನ್ನು ಕುಟ್ಟಲು ಒಂದು ಹಿತ್ತಾಳೆಯ ಕೀ. ಅಂಗೈಯಗಲದ ಹಲಗೆಯ ಮೇಲೆ ಸಣ್ಣ ಸನ್ನೆಗೋಲಿನಂಥ ಸಲಕರಣೆ ಅದು. ತುದಿಯ ಗುಂಡಿಯನ್ನು ಒತ್ತಿದರೆ ರೇಡಿಯೋ ಕೂಗುತ್ತದೆ, ಬಿಟ್ಟರೆ ಸುಮ್ಮನಾಗುತ್ತದೆ. ಪ್ರತಿದಿನ ಬೆಳಗಿನ ತಿಂಡಿಯ ಹೊತ್ತಿಗೆ ಭಾವ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಕೂತು, ಹೊಸಕೋಟೆಯಾಚೆ ಅನುಗೊಂಡನಹಳ್ಳಿಯಲ್ಲಿ ಗುಲಾಬಿ ಬೆಳೆಯುವ ತಮ್ಮ ಗೆಳೆಯ ಮುನಿರಾಜಣ್ಣನ ಜೊತೆ ಕುಟ್ಟುತ್ತಿದ್ದರು. ಅಕ್ಷರ ಇಂಗ್ಲಿಷಿನದು, ಭಾಷೆ ಕನ್ನಡ, ವಿಷಯ ಹೆಚ್ಚಾಗಿ ಉಪ್ಪಿಟ್ಟು.

ಗೋಡೆಯ ಈಚೆ ನಾನು ಚಪಾತಿ ಲಟ್ಟಿಸುತ್ತಿದ್ದೆ. ನಾನು ಹೈಸ್ಕೂಲಿನ ಕನ್ನಡ ಟೀಚರು, ಮಕ್ಕಳಿಂದ ಪದ್ಯದ ಸಾಲಿಗೆ ಲಘು-ಗುರು ಹಾಕಿಸುವುದೇ ಕಸುಬು. ಮೋರ್ಸ್‌ನಲ್ಲಿ ಇರುವುದೂ ಎರಡೇ ಸದ್ದು: ಗಿಡ್ಡದೊಂದು, ಉದ್ದದೊಂದು. ಡಿ ಮತ್ತು ಡಾ. ಒಂದು ದಿನ ಥಟ್ಟನೆ ಹೊಳೆಯಿತು, ಭಾವ ಕುಟ್ಟುತ್ತಿರುವುದು ಪ್ರಸ್ತಾರವಲ್ಲದೆ ಬೇರೇನೂ ಅಲ್ಲ! ಡಾ ಡಿ ಡಾ ಅಂದರೆ ರಗಣ. ಅದು ಅವರ ಕೆ ಅಕ್ಷರ. ಡಿ ಡಾ ಡಿ ಜಗಣ, ಅದು ಆರ್. ಮುಳುಗುವ ಹಡಗು ಪ್ರಾಣಭಯದಲ್ಲಿ ಕೂಗುವ ಎಸ್‌ಓಎಸ್ ಎಂದರೆ ನಗಣ, ಮಗಣ, ನಗಣ. ಹಿಟ್ಟಿನ ಕೈಯಲ್ಲೇ ಓಡಿಹೋಗಿ ಹೇಳಿದೆ. ಭಾವ ಹೆಡ್‌ಫೋನ್ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಂದ್ರೆ ಇಷ್ಟು ವರ್ಷ ನಾನು ಕುಟ್ತಿದ್ದಿದ್ದು ಪದ್ಯನಾ? ಲೇ ಜಯಾ, ಕೇಳಿದ್ಯಾ? ನಾನು ಕವಿ ಕಣೇ!" "ಕವಿಗಳೇ, ಹಾಲು ಡೇರಿಗೆ ಹಾಕ್ಬುಟ್ಟು ಬನ್ನಿ," ಎಂದಿತು ಕೊಟ್ಟಿಗೆಯ ಕಡೆಯಿಂದ ಜಯಕ್ಕನ ದನಿ.

ಭಾವ ಬಿಡಲಿಲ್ಲ. ನನಗೂ ಪಾಠ ಹೇಳಿ, ಪರೀಕ್ಷೆ ಬರೆಸಿದರು. ಲೈಸೆನ್ಸು ಬಂತು, ಜೊತೆಗೆ ರೇಡಿಯೋದಲ್ಲಿ ನನ್ನ ಹೆಸರಾಗಿ ಬಳಸಲು ಒಂದು ಕರೆಸಂಕೇತ. ಬಂದದ್ದು ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಮಲಗಿತು. ಕಾರಣ ಹೇಳಲು ನಾಚಿಕೆ: ನನಗೆ ಹೆದರಿಕೆ. ಕಪ್ಪು ಹಲಗೆಯ ಮೇಲಿನ ತಪ್ಪನ್ನು ಡಸ್ಟರಿನಿಂದ ಒರೆಸಬಹುದು, ಆಕಾಶಕ್ಕೆ ಹೋದ ತಪ್ಪನ್ನು ಹೇಗೆ ಒರೆಸುವುದು? ಎಲ್ಲೆಲ್ಲಿಯವರೋ ಕೇಳಿಸಿಕೊಂಡು ನಗುತ್ತಾರೆ. "ಆಮೇಲೆ ನೋಡೋಣ ಭಾವ," ಎನ್ನುತ್ತಾ ನಾನು ಬರೀ ಕಿವಿಯಾಗಿ ಉಳಿದೆ. ಎದುರಿಗೆ ಐವತ್ತು ಮಕ್ಕಳಿದ್ದರೂ ತೊದಲದವಳು ಒಂದು ಗುಂಡಿಗೆ ಹೆದರಿದ್ದೆ.

ಒಂದು ವಿಷಯ ಹೇಳಬೇಕು. ಕೀ ಒತ್ತುವವರಲ್ಲಿ ಒಬ್ಬೊಬ್ಬರದೂ ಒಂದೊಂದು ಕೈ. ನಡಿಗೆ ನೋಡಿ ದೂರದಿಂದಲೇ ಇಂಥವರು ಎನ್ನುತ್ತೇವಲ್ಲ, ಹಾಗೆ. ಭಾವನ ಕೈ ಒರಟು. ಗಿಡ್ಡ ಸದ್ದುಗಳನ್ನು ಹುರಿಗಡಲೆಯಂತೆ ಎಸೆಯುವರು, ಅರ್ಧ ಅಕ್ಷರ ನುಂಗುವರು. ಆದರೆ ತಮ್ಮ ಮಾತು ಮುಗಿಸಿ 'ಇನ್ನು ನೀನು ಹೇಳು' ಎನ್ನಲು ಕಳಿಸುವ ಕೆ ಇದೆಯಲ್ಲ, ಅದರ ಕೊನೆಯ ಡಾ ಮಾತ್ರ ಹೊಲದಾಚೆ ಇರುವವನನ್ನು ಕರೆದಂತೆ ಡಾಽಽಽ ಎಂದು ಎಳೆಯುತ್ತಿತ್ತು. ವ್ಯಾಕರಣದಲ್ಲಿ ಇದು ಪ್ಲುತ. "ಗಂಗನ ಕೈನ ನಾನು ನಿದ್ದೇಲೂ ಗುರುತಿಸ್ತೀನಿ," ಎಂದು ಮುನಿರಾಜಣ್ಣ ಕಂಡಕಂಡವರ ಹತ್ತಿರ ಜಂಬ ಕೊಚ್ಚುತ್ತಿದ್ದರು.

ಒಂದು ದಸರಾ ರಜೆಯಲ್ಲಿ ಭಾವ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ತೆಂಗಿನಮರದಿಂದ ಬಿದ್ದೆ ಎಂದು ಊರಲ್ಲಿ ಹೇಳಿಕೊಂಡರು. ಬಿದ್ದದ್ದು ಸ್ಟೂಲಿನಿಂದ, ಆಂಟೆನಾದ ಮೇಲಿನ ಜಯಕ್ಕನ ಸೀರೆ ಎಳೆಯಲು ಹೋಗಿ. ಮೊಣಕೈವರೆಗೆ ಪ್ಲಾಸ್ಟರು. ಎಡಗೈಯಲ್ಲಿ ಪ್ರಯತ್ನಿಸಿದರು. "ಥೂ, ನಾನ್ ಏನ್ ಕಳಿಸ್ತಿದೀನಿ ಅಂತ ನಂಗೇ ಅರ್ಥ ಆಗ್ತಿಲ್ಲ," ಎಂದು ಬಿಟ್ಟರು. ಆಮೇಲೆ ಅವರ ಮುಖದಲ್ಲಿ ನಿಧಾನವಾಗಿ ಒಂದು ಕಳ್ಳ ನಗು ಮೂಡಿತು.

"ಟೀಚ್ರಮ್ಮ, ನೀನು ಕೂತ್ಕೋ. ನಾನು ಹೇಳ್ತೀನಿ, ನೀನು ಕುಟ್ಟು. ನನ್ ಥರಾನೇ ಕುಟ್ಬೇಕು. ನಿದ್ದೇಲಿ ಗುರುತಿಸ್ತಾನಂತಲ್ಲ, ಎಚ್ಚರದಲ್ಲಿ ಗುರುತಿಸ್ತಾನಾ ನೋಡೇಬಿಡಣ."

ಬೇಡ ಎನ್ನಬೇಕಿತ್ತು. ಆದರೆ, ನಿಮ್ಮಲ್ಲಿ ಗುಟ್ಟು ಯಾಕೆ, ಆ ಹುಡುಗಾಟ ನನಗೂ ಹಿಡಿಸಿತ್ತು. ಸ್ವಂತ ಹೆಸರಲ್ಲಿ ಆಕಾಶಕ್ಕೆ ಹೋಗಲು ಹೆದರುವವಳಿಗೆ ಭಾವನ ಹೆಸರಿನ ಮರೆ ಸಿಕ್ಕಿತ್ತು. ಹುರಿಗಡಲೆ ಎಸೆದೆ, ಕೆ ಎಳೆದೆ. ಮೊದಲ ದಿನ ಸಲೀಸಾಗಿ ನಡೆಯಿತು. ಮುನಿರಾಜಣ್ಣ ತಮ್ಮ ಮನೆಯ ಇಡ್ಲಿಯ ಬಗ್ಗೆ ಹೇಳಿದರು, ನಾವು ನಮ್ಮ ಮನೆಯ ದೋಸೆಯ ಬಗ್ಗೆ ಹೇಳಿದೆವು. ಭಾವ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡರು.

ಮಾರನೆಯ ಬೆಳಿಗ್ಗೆ ನನ್ನೊಳಗಿನ ಟೀಚರು ಕೈಕೊಟ್ಟಳು. ಭಾವ ನುಂಗುವ ಅಕ್ಷರಗಳನ್ನೆಲ್ಲ ನಾನು ಒಂದೂ ಬಿಡದೆ ಕಳಿಸತೊಡಗಿದೆ. ಮುನಿರಾಜಣ್ಣ ನಿಧಾನವಾಗಿ ಕೇಳಿದರು: ಚೆನ್ನಾಗಿದ್ದೀಯಾ? "ಸೂಪರ್ ಅಂತ ಹೇಳು," ಎಂದರು ಭಾವ. ಅದನ್ನು ಹೇಳಿ, ಕುಶಲ ಕೇಳಿದವರಿಗೆ ಹೇಳಬೇಕಾದ ಇನ್ನೊಂದು ಮಾತನ್ನು ನಾನಾಗಿಯೇ ಸೇರಿಸಿಬಿಟ್ಟೆ. ಧನ್ಯವಾದ. ಭಾವ ಗೆಳೆಯನಿಗೆ ಎಂದೂ ಹೇಳದ ಪದ, ಒಂದಕ್ಷರವೂ ನುಂಗದೆ.

ಆ ಕಡೆಯಿಂದ ಉತ್ತರ ಬರಲಿಲ್ಲ. "ಕರೆಂಟ್ ಹೋಗಿರ್ಬೇಕು ಬಿಡು," ಎಂದು ಭಾವ ಎದ್ದು ಹೋದರು.

ಕರೆಂಟು ಹೋಗಿರಲಿಲ್ಲ. ಮುನಿರಾಜಣ್ಣ ಭಾವನ ಮೊಬೈಲಿಗೆ ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದರು. ಭಾವ ಅದನ್ನು ಅಂಗಡಿಯಲ್ಲಿ ಚಾರ್ಜಿಗೆ ಹಾಕಿ ಮರೆತಿದ್ದರು. ಹೂವಿನ ಮಾರ್ಕೆಟ್ಟಿಗೆ ಹೊರಟಿದ್ದ ಲಗೇಜ್ ಆಟೋವನ್ನು ಮುನಿರಾಜಣ್ಣ ತಾವೇ ಹತ್ತಿ, ಹೊಸಕೋಟೆ, ದೇವನಹಳ್ಳಿ ದಾಟಿ ನೇರ ಮಧುರೆಯ ಕಡೆ ತಿರುಗಿಸಿದ್ದರು. ಹಬ್ಬದ ಗುಲಾಬಿ ಹಿಂದೆ ಹಾಗೇ ತುಂಬಿತ್ತು.

ಮಧ್ಯಾಹ್ನದ ಹೊತ್ತಿಗೆ ನಾನು ಕೋಣೆಯಲ್ಲಿ ಕೂತು, ರೇಡಿಯೋ ಆರಿಸಿ ಭಾವನ ಕೆಯನ್ನು ಅಭ್ಯಾಸ ಮಾಡುತ್ತಿದ್ದೆ. ಬಚ್ಚಲಿನಲ್ಲಿ ಭಾವ ಪ್ಲಾಸ್ಟರಿಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು ಸ್ನಾನ ಮಾಡುತ್ತಿದ್ದರು. ಹೊರಗೆ ಆಟೋ ನಿಂತ ಸದ್ದು, ಹಿಂದೆಯೇ "ಗಂಗಾ! ಲೋ ಗಂಗಾ!" ಎಂಬ ಕೂಗು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಎದುರುಮನೆಯ ಪುಟ್ಟತಾಯಮ್ಮ ನೋಡಿ ಆಗಿತ್ತು: ನಮ್ಮ ಮನೆಯ ಮುಂದೆ ಒಂದು ಗಾಡಿ ತುಂಬ ಹೂವು, ಅದರ ಮುಂದೆ ಅಳುತ್ತಾ ನಿಂತ ಒಬ್ಬ ಗಂಡಸು. ಆಕೆ ಬೇರೇನನ್ನೂ ಕೇಳಲಿಲ್ಲ.

"ಅಯ್ಯಯ್ಯೋ, ಗಂಗಣ್ಣ ಹೋಗ್ಬುಟ್ನಲ್ಲಪ್ಪೋ! ಎಂಥ ಮನ್ಸ ಕಣ್ರಪ್ಪೋ! ನಮ್ ಮೋಟ್ರು ಇನ್ನೂ ಅವನ್ ಅಂಗಡೀಲೇ ಅದಲ್ಲಪ್ಪೋ!"

ಬೀದಿ ತುಂಬಿತು. ಹೊಲದಿಂದ ಬರುತ್ತಿದ್ದ ಜಯಕ್ಕ ಹುಲ್ಲಿನ ಹೊರೆ ಎಸೆದು ಓಡಿಬಂದರು. ಅಷ್ಟರಲ್ಲಿ ಟವೆಲು ಸುತ್ತಿಕೊಂಡು, ಒಂದು ಕಿವಿ ತುಂಬ ಸೋಪಿನ ನೊರೆಯೊಂದಿಗೆ ಭಾವ ಹೊರಬಂದು, ನಿಜವಾದ ಆತಂಕದಿಂದ ಕೇಳಿದರು: "ಯಾರ್ಲಾ ಸತ್ತಿದ್ದು?"

ಪುಟ್ಟತಾಯಮ್ಮನ ರಾಗ ನಡುವೆಯೇ ನಿಂತಿತು. ಜಯಕ್ಕ ಜಗಲಿಯ ಮೇಲೆ ಕುಸಿದು ಕೂತು, ಗಂಡನಿಗೆ ಬೈಯಲು ಬೇಕಾದ ಉಸಿರನ್ನು ಒಟ್ಟುಮಾಡಿಕೊಳ್ಳತೊಡಗಿದರು. ಮುನಿರಾಜಣ್ಣ ಮಾತ್ರ ಪ್ಲಾಸ್ಟರನ್ನೇ ನೋಡುತ್ತಿದ್ದರು. ಆಮೇಲೆ ನನ್ನನ್ನು ನೋಡಿದರು.

"ಹಂಗಾದ್ರೆ ಧನ್ಯವಾದ ಅಂದಿದ್ದು?"

"ಅದು ನಾನಲ್ಲ ಕಣೋ, ನಮ್ ಟೀಚ್ರು!" ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸೋತೆ ನೀನು! ಗುರುತು ಹಿಡೀಲಿಲ್ಲ!"

"ಹಿಡ್ದೆ ಕಣೋ." ಮುನಿರಾಜಣ್ಣ ತೋಳಿನಿಂದ ಕಣ್ಣೊರೆಸಿಕೊಂಡರು. "ನಿನ್ನೇನೇ ಅನ್ಕಂಡೆ, ಇದು ನಮ್ ಗಂಗನ ಕೈ ಇದ್ದಂಗಿಲ್ವಲ್ಲ ಅಂತ. ಇವತ್ತು ನೀನು ಧನ್ಯವಾದ ಅಂದಾಗ, ಮುಗೀತು, ಇವನಿಗೇನೋ ಆಗೋಗಿದೆ, ಸ್ಟ್ರೋಕೇ ಹೊಡ್ದಿದೆ ಅನ್ಕಂಡೆ. ನಿನ್ ಹೆಸ್ರಲ್ಲಿ ಇನ್ಯಾರೋ ನನ್ ಜೊತೆ ಮಾತಾಡ್ತಾರೆ ಅಂತ ನಂಗ್ಯಾಕೋ ಹೊಳೀಬೇಕು?"

ಭಾವನ ನಗು ನಿಂತಿತು. ಮುನಿರಾಜಣ್ಣ ತಿರುಗಿ ಹೋಗಿ ಆಟೋದಲ್ಲಿ ಕೂತರು. ಜಯಕ್ಕ ಕರೆದರು, ಬರಲಿಲ್ಲ. ಭಾವ ಟವೆಲಿನಲ್ಲೇ ಹೋಗಿ ಬಾಗಿಲು ಹಿಡಿದು ನಿಂತರು. "ಕೈ ತೆಗಿ. ನಾನು ಹೋಗ್ಬೇಕು," ಎಂದರು ಮುನಿರಾಜಣ್ಣ, ಮುಖ ಆಚೆ ಮಾಡಿಕೊಂಡು. ಹಾಗೆ ಹೋಗಿದ್ದರೆ ಆ ಸ್ನೇಹ ಅಲ್ಲಿಗೇ ಮುರಿಯುತ್ತಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಅದರಲ್ಲಿ ನನ್ನ ಪಾಲೂ ಇತ್ತು.

ಒಳಗೆ ಹೋದೆ. ರೇಡಿಯೋ ಹಾಕಿದೆ. ಬೀದಿಗೆ ಕೇಳುವ ಹಾಗೆ ಸ್ಪೀಕರು ಜೋರು ಮಾಡಿ, ಕಿಟಕಿ ತೆರೆದೆ. ಮುನಿರಾಜಣ್ಣನ ಕರೆಸಂಕೇತ ಕಳಿಸಿದೆ. ಅದರ ಹಿಂದೆ ನನ್ನದನ್ನು. ಬೀರುವಿನಲ್ಲಿ ಮಲಗಿದ್ದದ್ದನ್ನು, ಮೊದಲ ಸಲ. ಭಾವನ ಹುರಿಗಡಲೆ ಇಲ್ಲ, ಎಳೆತ ಇಲ್ಲ. ಕಾಪಿ ಬರೆದಂತೆ ದುಂಡಗೆ, ನಿಧಾನವಾಗಿ ಬಂತು ನನ್ನ ಕೈ. 'ಅಣ್ಣ, ಊಟ ಮಾಡ್ಕೊಂಡು ಹೋಗಿ' ಎಂದು ಕಳಿಸಿ, ಕೆ ಒತ್ತಿ, ಕೈ ಎತ್ತಿದೆ.

ಆಟೋ ಸ್ಟಾರ್ಟ್ ಆಗುತ್ತದೆ ಎಂದು ಕಾದೆ.

ಪಿ ಪೀಂ ಪಿ, ಎಂದಿತು ಆಟೋದ ಹಾರ್ನು. ಜಗಣ! ಆರ್, ತಲುಪಿತು ಎಂದರ್ಥ. ಸ್ವಲ್ಪ ತಡೆದು ಹಾರ್ನು ಮತ್ತೆ ಶುರುವಾಯಿತು. ಒಂದೊಂದೇ ಅಕ್ಷರ, ಬೀದಿಯ ನಾಯಿಗಳೆಲ್ಲ ಬೊಗಳುತ್ತಿರಲು, ಮುನಿರಾಜಣ್ಣ ಕೇಳಿದರು: 'ಸಾರು ಏನು?'

ಅಂದು ಅವರು ಬಸ್ಸಾರು ಮುದ್ದೆ ಎರಡು ಸಲ ಹಾಕಿಸಿಕೊಂಡು ಉಂಡರು. ಭಾವನ ಜೊತೆ ಮಾತಾಡಿದ್ದು ಮಜ್ಜಿಗೆಯ ಹೊತ್ತಿಗೆ. ಗುಲಾಬಿಯಷ್ಟನ್ನೂ ಊರಿನ ಹೆಂಗಸರಿಗೆ ಹಂಚಿದರು. ಪುಟ್ಟತಾಯಮ್ಮ ತಾವು ಅತ್ತಿದ್ದರ ಲೆಕ್ಕಕ್ಕೆ ಒಂದು ಕುಕ್ಕೆ ಜಾಸ್ತಿ ಕೇಳಿ ತೆಗೆದುಕೊಂಡರು. ಹೊರಡುವಾಗ ಮುನಿರಾಜಣ್ಣ ನನಗೆ ಹೇಳಿದ್ದು ಇಷ್ಟೇ: "ನಾಳೆಯಿಂದ ನೀನೂ ಬಾಮ್ಮ. ನಿನ್ ಹೆಸ್ರಲ್ಲಿ ಬಾ."

ಹೋದೆ. ಅಂದಿನಿಂದ ಹೋಗುತ್ತಲೇ ಇದ್ದೇನೆ. ತಪ್ಪುಗಳನ್ನು ಆಕಾಶ ತುಂಬ ಚೆಲ್ಲಿದ್ದೇನೆ, ಯಾರೂ ಸಾಯಲಿಲ್ಲ.

ಮೊಬೈಲು ರಿಪೇರಿಯಾಗಿ ಕೈಗೆ ಬಂತು. ಮಾರನೆಯ ದಿನ ಭಾನುವಾರ ನಾವೆಲ್ಲ ನಲ್ಲೂರಿಗೆ ಹೋದೆವು. ಹುಣಸೆ ತೋಪಿನಿಂದ ಆಚೆಯ ಬಯಲಿನಲ್ಲಿ ಒಂದಷ್ಟು ಕೀ ಹುಚ್ಚಿನವರು ಬುತ್ತಿ ಕಟ್ಟಿಕೊಂಡು ಸೇರಿದ್ದರು. ಬಿದಿರ ಗಳುವಿಗೆ ಹಗ್ಗ ಹಾಕಿ ಆಂಟೆನಾ ಮೇಲೆಳೆಯುವ ಕೆಲಸ ಭಾವನದು. ನಾನು ಮಡಚುವ ಮೇಜಿನ ಮುಂದೆ ಕೂತು ಕೀ ಸರಿಮಾಡಿಕೊಳ್ಳುತ್ತಿದ್ದೆ. ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ ಒಬ್ಬರು ಮುನಿರಾಜಣ್ಣನನ್ನು ವಿಚಾರಿಸಿದರು: "ಇವರು ಗಂಗಣ್ಣನ ತಮ್ಮನ ಮಿಸೆಸ್ ಅಲ್ವಾ?"

ಮುನಿರಾಜಣ್ಣ ಎಲ್ಲರಿಗೂ ಕೇಳುವಂತೆ ಹೇಳಿದರು: "ಹಂಗಲ್ಲ ಸ್ವಾಮಿ. ಇವ್ರು ನಮ್ ಟೀಚ್ರು. ಅಗೋ, ಅಲ್ಲಿ ಹಗ್ಗ ಹಿಡ್ಕಂಡು ನಿಂತವ್ನಲ್ಲ, ಅವ್ನು ಇವ್ರ ಭಾವ."

ಭಾವ ಹಗ್ಗ ಬಿಟ್ಟರು. ಆಂಟೆನಾ ಸುರುಳಿ ಸುರುಳಿಯಾಗಿ ಮುನಿರಾಜಣ್ಣನ ತಲೆಯ ಮೇಲೆಯೇ ಇಳಿಯಿತು. ಗೆಳೆಯರಿಬ್ಬರೂ ಬೈದಾಡಿಕೊಳ್ಳಲು ಅನುವಾದರು. ನನಗೆ ಕಾಯಲು ಪುರುಸೊತ್ತಿರಲಿಲ್ಲ.

"ಬೇಗ ಮೇಲೆತ್ತಿ ಭಾವ," ಎಂದೆ, ಕೀಯ ಮೇಲೆ ಕೈಯಿಟ್ಟು. "ನಾನು ಮಾತಾಡ್ಬೇಕು."