ತಾಗದ ಕೈ

ಮೊನ್ನೆ ಅಲೆವೂರಿನಲ್ಲಿ ಅಕ್ಕನ ಮನೆಯ ಒಳಗೋಡೆಗೆ ಹೊಸ ಗಾರೆ ಮಾಡಿಸುವುದಿತ್ತು. ಅದಕ್ಕೆ ಮೊದಲು ಗೋಡೆಗೆ ಹೊಡೆದ ಪುಸ್ತಕದ ಹಲಗೆಗಳನ್ನು ಇಳಿಸಬೇಕಲ್ಲ, ಭಾವ ಸ್ಟೂಲು ಹತ್ತಲು ಹೊರಟರು. ಅಕ್ಕ ಅವರ ಅಂಗಿ ಹಿಡಿದು ನಿಲ್ಲಿಸಿ ನನ್ನನ್ನು ಹತ್ತಿಸಿದಳು. ಸ್ಟೂಲಿನ ಕಾಲುಗಳು ಸರಿಯಾಗಿ ಕೂತಿವೆಯೇ ಎಂದು ಅಲ್ಲಾಡಿಸಿ, ಮತ್ತೊಮ್ಮೆ ಅಲ್ಲಾಡಿಸಿ, ಆಮೇಲೆ ಹತ್ತಿದೆ. ಮೊದಲ ಮೊಳೆ ಕಿತ್ತಾಗ ತೂತಿನಿಂದ ಒಂದು ಚಿಟಿಕೆ ಹಳದಿ ಹುಡಿ ಉದುರಿತು. ಹಲಸಿನ ಮರದ ಹುಡಿ. ಇಷ್ಟು ವರ್ಷಗಳ ಮೇಲೂ ಅದಕ್ಕೆ ವಾಸನೆ ಇತ್ತು. ಆ ವಾಸನೆಯ ಹಿಂದೆಯೇ ನಮ್ಮ ಮಾವ ಬಂದು ನಿಂತ ಹಾಗಾಯಿತು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಒಂದು ಹುಬ್ಬು ಮೇಲೇರಿಸಿಕೊಂಡು.

ಮಾವ ಎಂದರೆ ಅಮ್ಮನ ಅಣ್ಣ. ನಮ್ಮದು ಅಳಿಯಕಟ್ಟಿನ ಮನೆ. ಮಾವನದ್ದು ಅಳಿಯನಿಗೆ ಬರಬೇಕು ಎನ್ನುವುದು ಪದ್ಧತಿ. ನನಗೆ ಅವರಿಂದ ಬಂದದ್ದು ಸಂಶಯ ಒಂದೇ, ಆದರೆ ಅದು ಮಾತ್ರ ಒಂದಿಷ್ಟೂ ಕಡಿಮೆಯಾಗದೆ ಪೂರ್ತಿ ಬಂದಿದೆ. ಕಾಪು ಪೇಟೆಯಲ್ಲಿ ಅವರದ್ದೊಂದು ಪಾತ್ರೆ ಅಂಗಡಿ ಇತ್ತು. ತಮ್ಮದೇ ಅಂಗಡಿಯ ಪಾತ್ರೆಯನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ಸದ್ದು ಕೇಳಿಯೇ ಮಾರುತ್ತಿದ್ದರು. ದಾರಿಯಲ್ಲಿ ಯಾರಾದರೂ "ಹೇಗಿದ್ದೀರಿ?" ಎಂದರೆ ಮಾವನ ಉತ್ತರ "ಯಾಕೆ?" ರೇಡಿಯೋದವರು ಗಂಟೆ ಹೇಳಿದರೆ ತಮ್ಮ ಗಡಿಯಾರ ನೋಡಿ, "ಇವರು ಸ್ವಲ್ಪ ಮುಂದೆ ಇದ್ದಾರೆ" ಎನ್ನುತ್ತಿದ್ದರು. ನೀವು ನಗುತ್ತೀರಿ. ಅಂಥವರ ಒಂದು 'ಹೂಂ'ಗಾಗಿ ಕಾಯುವ ಹೆಣ್ಣುಮಗಳಿಗೆ ನಗು ಬರುವುದಿಲ್ಲ.

ಆ ಹೆಣ್ಣುಮಗಳು ನಮ್ಮ ಅಕ್ಕ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಮಾವನದೇ ಕೊನೆಯ ಮಾತು. ಅಕ್ಕನಿಗೆ ಬಂದ ಒಂದು ಸಂಬಂಧವನ್ನು ಹುಡುಗ ಹೆಚ್ಚು ನಗುತ್ತಾನೆಂದು ಬಿಟ್ಟರು. ಇನ್ನೊಂದನ್ನು ಹುಡುಗ ನಗುವುದೇ ಇಲ್ಲವೆಂದು ಬಿಟ್ಟರು. ಆಮೇಲೆ ಬಂದವರೇ ಈಗಿನ ನಮ್ಮ ಭಾವ. ಕಾರ್ಕಳದವರು, ಮಣಿಪಾಲದ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ, ಅಲೆವೂರಿನಲ್ಲಿ ಬಾಡಿಗೆ ಮನೆ. ಅಕ್ಕ ಒಂದೇ ನೋಟಕ್ಕೆ ಒಪ್ಪಿದ್ದಳು. "ಇದೂ ತಪ್ಪಿದರೆ ಇನ್ನು ಯಾರ ಮುಂದೆಯೂ ಕಾಫಿ ಹಿಡಿದು ನಿಲ್ಲುವವಳಲ್ಲ" ಎಂದು ನನ್ನ ಹತ್ತಿರ ಹೇಳಿದಳು. ಅವಳು ಹಾಗೆ ಹೇಳಿದರೆ ಹಾಗೆಯೇ.

ಮಾವನಿಗೆ ಮಾತ್ರ ಹುಡುಗನ ಮೇಲೆ ಗುಮಾನಿ. "ಎಂತ ಬೇಕು ಅಂತ ಕೇಳಿದರೆ ಎಂತದೂ ಬೇಡ ಅಂತಾನೆ. ಎಂತದೂ ಬೇಡದವನಿಗೆ ನಮ್ಮ ಹುಡುಗಿ ಯಾಕೆ ಬೇಕು ಮಾರಾಯ?"

ಇದರ ಮೇಲೆ ಹುಡುಗ ಇನ್ನೊಂದು ಮಾತು ಹೇಳಿಬಿಟ್ಟರು. ಮನೆ ತುಂಬ ಪುಸ್ತಕ ನೆಲದ ಮೇಲೆಯೇ ಉಂಟು, ಗೋಡೆಗೆ ಮೂರು ಹಲಗೆ ಹಾಕಿ ಮನೆಯನ್ನು ಒಂದು ಹದಕ್ಕೆ ತಂದ ಮೇಲೆ ಮದುವೆಯ ದಿನ ನೋಡುವ ಎಂದು. ಮಾವನ ಹುಬ್ಬು ಏರಿತು. "ಹಲಗೆ ನೆಪ. ದಿನ ಮುಂದೆ ಹಾಕುವ ದಾರಿ ಇದು" ಎಂದವರೇ, ನೆಪವೇ ಇಲ್ಲದ ಹಾಗೆ ಮಾಡಲು ತಮ್ಮ ಅಟ್ಟದಲ್ಲಿದ್ದ ಹಳೆಯ ಹಲಸಿನ ಹಲಗೆಗಳನ್ನು ಇಳಿಸಿ, ಒಂದು ಭಾನುವಾರ ನನ್ನನ್ನೂ ಹೊರಡಿಸಿಕೊಂಡು ಅಲೆವೂರಿಗೆ ಹೋದರು. ಮಿಲ್ಲಿನವರ ಮರ ಬಲಿತಿರುವುದಿಲ್ಲ ಎನ್ನುವುದು ಬೇರೆಯೇ ಒಂದು ಸಂಶಯ, ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಗೋಡೆಗೆ ಹಲಗೆ ಹಾಕುವುದು ಅಂಥ ದೊಡ್ಡ ಕೆಲಸವಲ್ಲ ಎಂದು ನಾನೂ ತಿಳಿದಿದ್ದೆ. ಹಲಗೆ ಸುಮ್ಮನೆ ನಿಲ್ಲುವುದಿಲ್ಲ. ಅದರ ಮುಂಭಾಗದ ಅಡಿಯಿಂದ ಕೆಳಗಿನ ಗೋಡೆಗೆ ಓರೆಯಾಗಿ ಒಂದೊಂದು ತುಂಡು ಮರ ಆಸರೆ ಕೊಡಬೇಕು. ನಾವು ಅದಕ್ಕೆ ಬ್ರಾಕೆಟ್ ಎನ್ನುತ್ತಿದ್ದೆವು. ಮುಂದಕ್ಕೆ ಎಷ್ಟು, ಕೆಳಕ್ಕೆ ಎಷ್ಟು ಎಂದು ಗುರುತು ಹಾಕಿ, ಆ ಗುರುತುಗಳ ನಡುವೆ ಮರವನ್ನು ಓರೆ ಹಿಡಿದು ಗೆರೆ ಎಳೆಯುವುದು. ತುದಿಗಳನ್ನೂ ಓರೆಯಾಗಿಯೇ ಕೊಯ್ಯಬೇಕು, ಒಂದು ತುದಿ ಗೋಡೆಗೆ ಒತ್ತಿ ಕೂರಬೇಕು, ಇನ್ನೊಂದು ಹಲಗೆಯ ಅಡಿಗೆ. ಆ ಎರಡು ಓರೆ ಎದುರುಬದುರಾಗಿರಬೇಕು. ಉಡುಪಿಯ ಜವಳಿ ಅಂಗಡಿಯಲ್ಲಿ ದಿನವಿಡೀ ಬಟ್ಟೆ ಅಳೆಯುತ್ತಿದ್ದ ನಾನು ಒಂದೊಂದು ಗುರುತಿಗೂ ಎರಡೆರಡು ಗೆರೆ ಎಳೆದು, ಮಹಾ ಧೈರ್ಯದಿಂದ ಗರಗಸ ಹಿಡಿದು, ಎರಡನ್ನೂ ಒಂದೇ ಕಡೆಗೆ ಓರೆ ಮಾಡಿ ಕೊಯ್ದೆ. ಹಿಡಿದು ನೋಡಿದರೆ ಒಂದು ತುದಿ ಗೋಡೆಗೆ ಕೂರುತ್ತಿತ್ತು, ಇನ್ನೊಂದು ಹಲಗೆಗೆ ಮೂತಿ ತಿರುಗಿಸುತ್ತಿತ್ತು.

"ಬಟ್ಟೆ ಹರಿಯುವವನಿಗೆ ಮರದ ಉಸಾಬರಿ ಯಾಕೆ?" ಎಂದರು ಮಾವ. ಆ ಹಾಳಾದ ತುಂಡನ್ನು ಬಿಸಾಡಲಿಲ್ಲ, ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.

ಗರಗಸ ಹುಡುಗನ ಕೈಗೆ ಹೋಯಿತು. ಅವರು ಒಂದು ತುಂಡನ್ನು ಅಳೆದು, ಕೊಯ್ದು, ಹಿಡಿದು ನೋಡಿ, ಬದಿಗಿಟ್ಟು, ಎರಡನೆಯದಕ್ಕೆ ಪುನಃ ಮೊದಲಿನಿಂದ ಅಳತೆ ಶುರು ಮಾಡಿದರು. ಹಳೆಯ ಮುರಕಲ್ಲಿನ ಗೋಡೆ, ಒಂದು ಕಡೆ ಉಬ್ಬಿದೆ, ಒಂದು ಕಡೆ ತಗ್ಗಿದೆ, ಒಂದರ ಅಳತೆ ಇನ್ನೊಂದಕ್ಕೆ ಆಗುವುದಿಲ್ಲ ಎಂದು ಅವರ ವಾದ. ಮಾವ ನನ್ನ ಕಿವಿಯಲ್ಲಿ, "ನೋಡಿದೆಯಾ, ಎಳೀತಾ ಇದ್ದಾನೆ. ಒಂದನ್ನು ಅಳತೆಗೆ ಇಟ್ಟು ಉಳಿದದ್ದು ಕೊಯ್ದರೆ ಊಟದ ಹೊತ್ತಿಗೆ ಮುಗಿಯುವ ಕೆಲಸ" ಎಂದರು. ಜಗತ್ತಿನಲ್ಲಿ ಯಾವುದನ್ನೂ ನಂಬದ ಮಾವ ಆ ದಿನ ಗೋಡೆಯೊಂದನ್ನು ನಂಬಿದ್ದರು. ಸಂಜೆಯಾದರೂ ಕೆಲಸ ಅರ್ಧವೇ ಆಗಿತ್ತು. ಉಳಿದದ್ದಕ್ಕೆ ಮುಂದಿನ ಭಾನುವಾರ ಬರುತ್ತೇವೆ ಎಂದು ಹೇಳಿ ಹೊರಟೆವು.

ಆ ಭಾನುವಾರ ಬರುವ ಮೊದಲೇ ಫೋನು ಬಂತು. ನಮ್ಮ ಮನೆಯಲ್ಲಿ ಫೋನು ಇರಲಿಲ್ಲ, ಹತ್ತಿರದ ಮದ್ದಿನಂಗಡಿಯ ಕಾಮತರಲ್ಲಿ ಇತ್ತು. ಕಾಮತರ ಮನೆಮಾತು ಕೊಂಕಣಿ, ನಮ್ಮದು ತುಳು, ನಮ್ಮೊಡನೆ ಅವರು ತುಳುವಿನಲ್ಲಿಯೇ ಮಾತಾಡುವುದು. ಆದರೆ ಫೋನಿನ ಸುದ್ದಿ ಎಂದರೆ ಅವರಿಗೆ ಸರಕಾರಿ ವಿಷಯದ ಹಾಗೆ, ಕನ್ನಡದಲ್ಲಿಯೇ ಹೇಳಬೇಕು. ನಮ್ಮ ಜಗಲಿಯ ಮೇಲೆ ನಿಂತು, ಗಂಟಲು ಸರಿಮಾಡಿಕೊಂಡು ಹೇಳಿದರು: "ನಿಮ್ಮ ಅಲೆವೂರಿನ ಹುಡುಗ ಫೋನ್ ಮಾಡಿದ್ದರು. ಕೈ ಕೊಟ್ಟು ಆಯಿತಂತೆ. ಇನ್ನು ನೀವು ಬರುವುದು ಬೇಡವಂತೆ."

ಮಾವ ಅಲ್ಲಿಯೇ ಕೂತಿದ್ದರು. ಅವರ ಮುಖದಲ್ಲಿ ಮೊದಲು ಕಂಡದ್ದು ಸಿಟ್ಟಲ್ಲ, ತೃಪ್ತಿ. ತಾವು ತಟ್ಟಿದ ಪಾತ್ರೆ ಒಡಕು ಸದ್ದು ಮಾಡಿದಾಗ ಬರುವಂಥದು. "ನಾನು ಹೇಳಲಿಲ್ಲವಾ?" ಎಂದು ತಿರುಗಿದಾಗ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಅವಳನ್ನು ನೋಡಿದ ಮೇಲೆ ಆ ತೃಪ್ತಿ ಎಲ್ಲಿ ಹೋಯಿತೋ.

"ಅವರು ಹಾಗೆ ಮಾಡುವವರಲ್ಲ ಮಾವ" ಎಂದಳು ಅಕ್ಕ. ಸ್ವರ ಗಟ್ಟಿಯಾಗಿಯೇ ಇತ್ತು, ಆದರೆ ಬಾಗಿಲ ದಾರಂದ ಹಿಡಿದಿದ್ದ ಬೆರಳುಗಳು ಬಿಳುಚಿದ್ದವು. ನನಗೆ ಸಂಕಟವಾಯಿತು. ಆದರೂ ಒಳಗೊಳಗೆ ನಾನು ನಂಬಿದ್ದು ಕಾಮತರ ಸುದ್ದಿಯನ್ನೇ. ನಾನು ಮಾವನ ಅಳಿಯನಲ್ಲವೇ?

ಮಾವ ಅಂಗಿ ಹಾಕಿಕೊಂಡರು. ಬಸ್ಸಿನಲ್ಲಿ ಉಡುಪಿಯವರೆಗೂ ಅವರು ಬೈಗುಳ ಜೋಡಿಸುತ್ತಿದ್ದರು, ತುಟಿ ಅಲ್ಲಾಡುತ್ತಿದ್ದುದು ನನಗೆ ಕಾಣುತ್ತಿತ್ತು. ಉಡುಪಿಯಲ್ಲಿ ಬಸ್ಸು ಬದಲಿಸುವಾಗ ಮಾತ್ರ ಇದ್ದಕ್ಕಿದ್ದಂತೆ, "ಅವಳ ಮುಖ ನೋಡಿದೆಯಾ ನೀನು?" ಎಂದರು.

ಅಲೆವೂರಿನ ಮನೆಯ ಬಾಗಿಲು ತೆರೆದೇ ಇತ್ತು. ಹುಡುಗ ಸ್ಟೂಲಿನ ಮೇಲೆ ನಿಂತು ಪುಸ್ತಕ ಜೋಡಿಸುತ್ತಿದ್ದರು, ಕಿವಿಯ ಮೇಲೆ ಪೆನ್ಸಿಲ್. ನಮ್ಮನ್ನು ಕಂಡು ಇಳಿದು ಬಂದರು. "ಅಯ್ಯೋ, ಬರುವುದು ಬೇಡ ಅಂತ ಫೋನ್ ಮಾಡಿದ್ದೆ, ಕಾಮತರು ಹೇಳಲಿಲ್ಲವಾ? ಎರಡು ದಿನ ರಜೆ ಹಾಕಿ ನಾನೇ ಮುಗಿಸಿದೆ. ನೋಡಿ, ಎಲ್ಲ ಹಲಗೆಗೂ ಕೈ ಕೊಟ್ಟು ಆಯಿತು."

ಮಾವ ಬಾಯಿ ತೆರೆದವರು ಹಾಗೆಯೇ ನಿಂತರು. "ಎಂತ ಕೊಟ್ಟು?"

"ಕೈ. ಇದು" ಎಂದು ಅವರು ಓರೆ ಮರದ ತುಂಡನ್ನು ಮುಟ್ಟಿ ತೋರಿಸಿದರು. "ನಮ್ಮ ಕಾರ್ಕಳದ ಮನೆಯಲ್ಲಿ ಇದಕ್ಕೆ ಹಾಗೆ ಹೇಳುವುದು. ನೀವು ಬ್ರಾಕೆಟ್ ಅಂತ ಹೇಳುವುದು ಅಲ್ವಾ?"

ಮಾವ ನನ್ನನ್ನು ನೋಡಿದರು. ನಾನು ಮಾಡಿನ ಹಂಚು ನೋಡಿದೆ. ದಾರಿಯುದ್ದಕ್ಕೂ ಜೋಡಿಸಿ ತಂದ ಬೈಗುಳವನ್ನೆಲ್ಲ ಏನು ಮಾಡುವುದು? ಮಾವ ನೇರ ಗೋಡೆಯ ಹತ್ತಿರ ಹೋಗಿ, ಇನ್ನೂ ಪುಸ್ತಕ ಇಡದ ನಡುವಿನ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಮೊಣಕಾಲು ಮಡಚಿ, ಮೈಭಾರವನ್ನೆಲ್ಲ ಬಿಟ್ಟು ಜೋತುಬಿದ್ದರು. ಪಾತ್ರೆ ಅಂಗಡಿಯ ಯಜಮಾನರು, ಬಿಳಿ ಪಂಚೆ ಉಟ್ಟವರು, ನೆಲ ಬಿಟ್ಟು ನೇತಾಡುತ್ತಿದ್ದಾರೆ. ಹಲಗೆ ಒಮ್ಮೆ ಕಿರ್ ಎಂದಿತು. ಅಲುಗಲಿಲ್ಲ.

ಮಾವ ಕಾಲೂರಿ, ಪಂಚೆ ಸರಿಮಾಡಿಕೊಂಡರು. "ಕೈ ಗಟ್ಟಿ ಉಂಟು" ಎಂದರು. "ದಿನ ನೋಡುವ."

ಮದುವೆ ಆಯಿತು. ಅಕ್ಕ ಅಲೆವೂರಿಗೆ ಬಂದಳು, ಆ ಬಾಡಿಗೆ ಮನೆಯೇ ಮುಂದೆ ಅವರ ಸ್ವಂತದ್ದಾಯಿತು. ಮದುವೆಯ ನಂತರ ಮೊದಲ ಸಲ ಬಂದಾಗ ಮಾವ ಬಾಳೆಹಣ್ಣಿನ ಜೊತೆಗೆ ಕಾಗದದಲ್ಲಿ ಸುತ್ತಿದ ಒಂದು ತುಂಡು ಮರವನ್ನೂ ತಂದಿದ್ದರಂತೆ. ನಡುವಿನ ಹಲಗೆಗೆ ಎರಡು ಕೈ ಇದ್ದರೂ ಮಧ್ಯದಲ್ಲಿ ಮೂರನೆಯದನ್ನು ತಾವೇ ಹೊಡೆದು ಹೋದರು. ಇದು ತಿಳಿದಾಗ ನಾನೂ ಅಕ್ಕನೂ ಬಹಳ ನಕ್ಕಿದ್ದೆವು. ಕೊನೆಗೂ ಸಂಶಯ ಹೋಗಲಿಲ್ಲ ನೋಡು ಮುದುಕನಿಗೆ, ಎಂದು. ಅವರು ತೀರಿಕೊಂಡ ಮೇಲೂ ಈ ಕತೆ ಹೇಳಿ ನಗುವುದು ನಮಗೆ ಅಭ್ಯಾಸವಾಗಿತ್ತು.

ಮೊನ್ನೆ ಸ್ಟೂಲಿನ ಮೇಲಿಂದ ಆ ಮೂರನೆಯ ಕೈಗೆ ಬಂದೆ. ಕೆಳಗೆ ಎತ್ತರದ ಪುಸ್ತಕಗಳ ಸಾಲು ಇರುತ್ತಿದ್ದುದರಿಂದ ಅದನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ತುಂಡಿನ ಮೇಲೆ ನನ್ನ ಆ ದಿನದ ಎರಡೆರಡು ಪೆನ್ಸಿಲ್ ಗೆರೆ ಮಾಸದೆ ಉಳಿದಿತ್ತು. ನಾನು ಕೆಡಿಸಿದ ತುಂಡನ್ನೇ ಮಾವ ತಿದ್ದಿ ಕೊಯ್ದಿದ್ದರು. ತಿದ್ದಿದ್ದರಿಂದ ಅದು ಗಿಡ್ಡವಾಗಿತ್ತು. ಅದರ ಬುಡ ಗೋಡೆಗೆ ಗಟ್ಟಿ ಕೂತಿತ್ತು. ತಲೆ ಹಲಗೆಯನ್ನು ಮುಟ್ಟಿರಲಿಲ್ಲ. ಕಿಸೆಯಲ್ಲಿದ್ದ ಬಸ್ ಟಿಕೇಟನ್ನು ಸಂದಿಗೆ ಹಾಕಿದೆ. ಎಲ್ಲೂ ತಡೆಯದೆ ಆಚೆ ದಾಟಿತು. ತೆಗೆದು ಪುನಃ ಕಿಸೆಗೆ ಹಾಕಿಕೊಂಡೆ.

"ಭಾವ, ಇದು ಹಲಗೆಗೆ ತಾಗುವುದೇ ಇಲ್ಲ. ಇಷ್ಟು ವರ್ಷ ಸುಮ್ಮನೆ ನಿಂತಿದೆ. ಮಾವನ ಅಳತೆ ತಪ್ಪಿದೆ" ಎಂದೆ. ಅವರೂ ತಪ್ಪುತ್ತಿದ್ದರು ಎನ್ನುವುದು ನನಗೆ ಸ್ವಲ್ಪ ಖುಷಿಯ ವಿಷಯವೇ ಆಗಿತ್ತು.

ಭಾವ ಕೆಳಗಿನಿಂದ ನೋಡಿದರು. "ತಪ್ಪಿದ್ದಲ್ಲ. ಹೊಡೆಯುವಾಗಲೇ ನಾನು ಹೇಳಿದ್ದೆ, ಮಾವ, ಇದು ತಾಗುವುದಿಲ್ಲ, ಬೇರೆ ಕೊಯ್ದು ಕೊಡ್ತೇನೆ ಅಂತ. ಅವರು ಬೇಡ ಅಂದರು. 'ನಿಮ್ಮ ಕೈ ಹೊರುವಷ್ಟು ದಿನ ನನ್ನದು ತಾಗುವುದು ಬೇಡ. ಬೀಳುವ ಹೊತ್ತಿಗೆ ಸಿಕ್ಕಿದರೆ ಸಾಕು' ಅಂದರು."

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಈ ಮಾತು ಅವಳಿಗೂ ಹೊಸದು. ಸೆರಗಿನಿಂದ ಕಣ್ಣು ಒತ್ತಿಕೊಂಡು ಒಳಗೆ ಹೋದಳು. ಸ್ಟೂಲಿನ ಮೇಲೆ ನಿಂತ ನನಗೆ ಒಳಗೆ ಹೋಗಲೂ ದಾರಿ ಇರಲಿಲ್ಲ.

ಗಾರೆ ಒಣಗಿದ ಮೇಲೆ ಹಲಗೆಗಳನ್ನು ಪುನಃ ಏರಿಸಿದೆವು. ಹೊಸ ಗೋಡೆ ನೆಟ್ಟಗೆ ಬಂದಿದ್ದರಿಂದ ಭಾವ ಹಳೆಯ ಕೈಗಳನ್ನೆಲ್ಲ ಒಂದೊಂದಾಗಿ ಹಿಡಿದು ತಿದ್ದಬೇಕಾಯಿತು. ಕೊನೆಗೆ ಮಾವನ ತುಂಡು ಉಳಿಯಿತು. "ಇದಕ್ಕೆ ಅಡಿಯಲ್ಲಿ ಒಂದು ಚಕ್ಕೆ ಕೊಟ್ಟರೆ ಹಲಗೆಗೆ ಸರಿಯಾಗಿ ತಾಗಿಸಬಹುದು. ಕೊಡಲಾ?" ಎಂದು ಕೇಳಿದರು.

ನಾನು ಕಿಸೆಯಿಂದ ಆ ಬಸ್ ಟಿಕೇಟು ತೆಗೆದು ಅವರ ಕೈಗೆ ಕೊಟ್ಟೆ. "ಬೇಡ ಭಾವ. ಇದು ದಾಟುವಷ್ಟು ಜಾಗ ಬಿಟ್ಟು ಹೊಡೆಯಿರಿ."