ಏಲಕ್ಕಿ ಮಾಲೆಯೂ ಮೂರು ಫ್ಯಾನಿನ ಕಾರ್ಡೂ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾನು ಗ್ರಾಫಿಕ್ಸ್ ಕಾರ್ಡನ್ನು, ಅಂದರೆ ಕಂಪ್ಯೂಟರ್ ಆಟಗಳ ಚಿತ್ರ ಬಿಡಿಸುವ ಭಾಗವನ್ನು, ಗಾತ್ರ ನೋಡಿ ಕೊಂಡವನು. ನಗುವವರು ಈಗಲೇ ನಕ್ಕು ಮುಗಿಸಿ, ಮುಂದೆ ಇದಕ್ಕಿಂತ ದೊಡ್ಡ ಪೆದ್ದುತನಗಳು ಸಾಲಾಗಿ ನಿಂತಿವೆ.

ತಪ್ಪು ಪೂರ್ತಿ ನನ್ನದಲ್ಲ, ಊರಿನದೂ ಸ್ವಲ್ಪ ಇದೆ. ನಾನು ಹುಟ್ಟಿದ್ದು ತಮಿಳು ಸೀಮೆಯ ಬೋಡಿಯಲ್ಲಿ, ತಲೆಮಾರುಗಳಿಂದ ಅಲ್ಲೇ ನೆಲೆಸಿದ ಕನ್ನಡದವರ ಮನೆಯಲ್ಲಿ. ಇಲ್ಲಿ ಏಲಕ್ಕಿಯನ್ನು ಜರಡಿ ಹಿಡಿದು, ಮಿಲಿಮೀಟರ್ ಲೆಕ್ಕದಲ್ಲಿ ಬೇರೆ ಮಾಡುತ್ತಾರೆ. ದಪ್ಪ ಕಾಯಿಗೆ ದಪ್ಪ ದರ, ಸಣ್ಣದಕ್ಕೆ ಸಣ್ಣ ದರ. ಹಾಲು ಕುಡಿಯುವ ವಯಸ್ಸಿನಿಂದ ಈ ಪಾಠ ಕೇಳಿ ಬೆಳೆದವನು ದಿಂಡಿಗಲ್ಲಿನ ಕಂಪ್ಯೂಟರ್ ಅಂಗಡಿಗೆ ಹೋದರೆ ಇನ್ನೇನಾಗುತ್ತದೆ? ಅಂಗಡಿಯವನು ಮೇಜಿನ ಮೇಲೆ ಎರಡು ಕಾರ್ಡು ಇಟ್ಟ. ಒಂದು ಟಿಫಿನ್ ಡಬ್ಬಿಯಷ್ಟು, ಹೊಸ ತಲೆಮಾರಿನದು. ಇನ್ನೊಂದು ಹಳೆಯ ತಲೆಮಾರಿನದು, ಮೂರು ಫ್ಯಾನು, ಕೈಗೆತ್ತಿಕೊಂಡರೆ ಇಟ್ಟಿಗೆ. ಚಿಕ್ಕದೇ ಚುರುಕು, ಕರೆಂಟೂ ಕಡಿಮೆ ಕುಡಿಯುತ್ತದೆ, ಬೆಲೆಯೂ ಕಡಿಮೆ ಎಂದು ಅವನು ತಮಿಳಿನಲ್ಲಿ ಬಾಯಿ ಒಣಗುವ ತನಕ ಹೇಳಿದ. ಮನುಷ್ಯ ದಪ್ಪ ಕಾಯಿಯನ್ನು ಒಳ್ಳೆಯ ಗಿರಾಕಿಗೆ ಎತ್ತಿಟ್ಟಿದ್ದಾನೆ, ನನಗೆ ಪುಡಿ ಕಾಯಿ ದಾಟಿಸುತ್ತಿದ್ದಾನೆ ಎಂದು ನನ್ನ ಬೋಡಿ ಬುದ್ಧಿ ಪಿಸುಗುಟ್ಟಿತು. ಇಟ್ಟಿಗೆಯನ್ನೇ ಕೊಂಡೆ. ತೇನಿ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಂದೆ. ಪಕ್ಕದ ಸೀಟಿನ ಹೆಂಗಸು ಮಗುವಿರಬೇಕೆಂದು ಒಮ್ಮೆ ಬಗ್ಗಿ ನೋಡಿದಳು.

ಮನೆಗೆ ಬಂದ ಮೇಲೆ ತಿಳಿಯಿತು, ಕಾರ್ಡು ಕಂಪ್ಯೂಟರ್ ಪೆಟ್ಟಿಗೆಗಿಂತ ಮೂರು ಬೆರಳು ಉದ್ದ. ಬೈಕ್ ಮೆಕ್ಯಾನಿಕ್ಕಿನ ಹತ್ತಿರ ಹೊತ್ತುಕೊಂಡು ಹೋಗಿ ಪೆಟ್ಟಿಗೆಯ ಮುಖವನ್ನು ಕೊಯ್ಯಿಸಿದೆ. ಅಲ್ಲಿಂದಾಚೆಗೆ ಕಾರ್ಡಿನ ಮೂಗು ಹೊರಗೆ ಚಾಚಿಕೊಂಡೇ ಇದೆ, ಬಸ್ಸಿನ ಕಿಟಕಿಯಿಂದ ಆಡು ಇಣುಕಿದಂತೆ.

ಇಷ್ಟಾದರೂ ನಾನು ನೆಮ್ಮದಿಯಾಗಿರುತ್ತಿದ್ದೆ, ಸೆಲ್ವ ಎಂಬವನು ಈ ಭೂಮಿಯಲ್ಲಿ ಇಲ್ಲದಿದ್ದರೆ. ನಾನೂ ಅವನೂ ಒಂದೇ ಫ್ಲೆಕ್ಸ್ ಅಂಗಡಿಯಲ್ಲಿ ಮದುವೆ ಬ್ಯಾನರುಗಳಿಗೆ ಗಂಡಿನ ಮುಖ ಬೆಳ್ಳಗೆ ಮಾಡುವ ಕೆಲಸದವರು. ಅವನು ಗೇಮಿಂಗ್ ಕನ್ಸೋಲ್ ಕೊಂಡ. ನನ್ನ ಕಾರ್ಡೊಂದರ ಬೆಲೆಗೆ ಅವನಿಗೆ ಇಡೀ ಕನ್ಸೋಲ್ ಬಂತು, ಜೊತೆಗೆ ಎರಡನೇ ಕಂಟ್ರೋಲರ್ ಬಂತು, ಉಳಿದ ಚಿಲ್ಲರೆಯಲ್ಲಿ ಅಂಗಡಿಯವರಿಗೆಲ್ಲ ಬಿರಿಯಾನಿಯೂ ಬಂತು. ಆ ಬಿರಿಯಾನಿಯನ್ನು ನಾನೂ ತಿಂದೆ ಎನ್ನುವುದು ನನ್ನ ಜೀವನದ ದೊಡ್ಡ ಅವಮಾನ. ರುಚಿಯಾಗಿತ್ತು ಎನ್ನುವುದು ಅದಕ್ಕಿಂತ ದೊಡ್ಡದು.

ಈ ಲೆಕ್ಕವನ್ನು ತಣ್ಣಗೆ ಕೂತು ನೋಡಿದರೆ ಕಾರ್ಡಿನವರಿಗೆ ಅಳು ಬರುತ್ತದೆ. ಕನ್ಸೋಲ್ ಅಂದರೆ ಕಟ್ಟಿಸಿ ಬಣ್ಣ ಹೊಡೆದ ಮನೆ, ಟಿವಿಗೆ ಸಿಕ್ಕಿಸಿದರೆ ಗೃಹಪ್ರವೇಶ. ಕಾರ್ಡು ಅಂದರೆ ಬರೀ ಬಾಗಿಲು. ಆ ಬಾಗಿಲಿಗೆ ತಕ್ಕ ಗೋಡೆ, ಛಾವಣಿ, ಕರೆಂಟ್ ಎಲ್ಲವನ್ನೂ ನೀವೇ ತರಬೇಕು. ಬೆಲೆಯಾದರೂ ಒಂದು ಕಡೆ ನಿಲ್ಲುತ್ತದೆಯೇ? ಒಂದು ಕಾಲದಲ್ಲಿ ಕಂಪ್ಯೂಟರಿನಲ್ಲಿ ಡಿಜಿಟಲ್ ನಾಣ್ಯ ತೋಡುವವರು ಬಂದು ಕಾರ್ಡುಗಳನ್ನೆಲ್ಲ ಬಾಚಿಕೊಂಡು ಹೋದರು. ಅವರು ಸುಸ್ತಾಗಿ ಕೂರುವಷ್ಟರಲ್ಲಿ ಕೃತಕ ಬುದ್ಧಿಯವರು ಚೀಲ ಹಿಡಿದು ಬಂದರು. ನಮ್ಮಂಥ ಸ್ವಾಭಾವಿಕ ದಡ್ಡರು ಉಳಿದದ್ದನ್ನು ಅವರು ಬಿಟ್ಟ ದರಕ್ಕೇ ಕೊಳ್ಳಬೇಕು.

ಓಟದ ಮಾತು ಬಂದರೆ ನಮ್ಮ ಪಂಗಡ ಅಂಕಿಗಳ ಹಿಂದೆ ಅಡಗುತ್ತದೆ. ಸೆಕೆಂಡಿಗೆ ಇಷ್ಟು ಚಿತ್ರ, ಅಷ್ಟು ಚಿತ್ರ. ಸೆಲ್ವನ ಪೆಟ್ಟಿಗೆ ಅರವತ್ತು ಓಡಿಸಿದರೆ ನನ್ನದು ತೊಂಬತ್ತು ಓಡಿಸುತ್ತದೆ ಎಂದು ಎದೆ ತಟ್ಟುತ್ತಿದ್ದೆ. ಆ ಮೂವತ್ತು ಎಲ್ಲಿದೆ ತೋರಿಸು ಎಂದು ಅವನು ಕೇಳಿದ ದಿನ ಇಬ್ಬರೂ ಪರದೆಗೆ ಮೂಗು ಹಚ್ಚಿ ಅರ್ಧ ಗಂಟೆ ಹುಡುಕಿದೆವು. ಸಿಗಲಿಲ್ಲ. ಈ ವಿಷಯದಲ್ಲಿ ನಮ್ಮ ಹಿರಿಯರು ಜಾಣರು. ಪಕ್ಕದ ಕಂಬಂ ಊರಿನ ಕಡೆ ನಮ್ಮವರು ದೇವರ ಹೆಸರಿನಲ್ಲಿ ದನದ ಮಂದೆ ಸಾಕುತ್ತಾರೆ. ಆ ಮಂದೆಗೆ ಪಟ್ಟದ ಹೋರಿ ಬೇಕಾದಾಗ ಯಾರೂ ಕೊಂಬು ಅಳೆಯುವುದಿಲ್ಲ, ಹಲ್ಲು ಎಣಿಸುವುದಿಲ್ಲ. ಮುಂದೆ ಕಬ್ಬು ಇಡುತ್ತಾರೆ. ಯಾವುದು ತಾನಾಗಿ ಬಂದು ಮೊದಲು ಬಾಯಿ ಹಾಕುತ್ತದೋ ಪಟ್ಟ ಅದಕ್ಕೇ. ಕಾರ್ಡಿಗೂ ಕನ್ಸೋಲಿಗೂ ಇಂಥದೊಂದು ಪರೀಕ್ಷೆ ಇರಬಾರದೇ ಎಂದು ನಾನು ಹಂಬಲಿಸುತ್ತಿದ್ದೆ.

ಅದು ಅಕ್ಕನ ನಿಶ್ಚಯದ ಹಿಂದಿನ ದಿನ ಒದಗಿಬಂತು, ಹೇಳದೆ ಕೇಳದೆ.

ನಮ್ಮ ಮನೆಯಲ್ಲಿ ಹುಡುಗಿಯ ನಿಶ್ಚಯಕ್ಕೆ ಸೋದರಮಾವನೇ ಏಲಕ್ಕಿ ಮಾಲೆ ತಂದು ಹಾಕಬೇಕು, ಅದೂ ಅವನ ತೋಟದ ಕಾಯಿಯಲ್ಲಿ ಪೋಣಿಸಿದ್ದು. ಅಮ್ಮನಿಗೂ ಅವಳ ಮಾಮ ಹಾಗೇ ಹಾಕಿದ್ದ. ಬೋಡಿ ಪೇಟೆಯಲ್ಲಿ ಏಲಕ್ಕಿ ಮೂಟೆ ಮೂಟೆ ಬಿದ್ದಿರುತ್ತದೆ, ಆದರೆ ಅಂಗಡಿ ಕಾಯಿಯ ಮಾಲೆ ಹಾಕಿದರೆ ಮಾಮನ ಮರ್ಯಾದೆ ಅಲ್ಲಿಗೇ ಮುಗಿಯಿತು. ಅಮ್ಮನ ತಮ್ಮ ರಂಗಸಾಮಿ ಮಾಮನಿಗೆ ಬೋಡಿಮೆಟ್ಟು ಬೆಟ್ಟದ ಮೇಲೆ ಸಣ್ಣ ತೋಟವಿದೆ. ಒಣಗಿಸಿಟ್ಟ ಹಸಿರು ಕಾಯಿಯನ್ನು ಒಂದೊಂದೇ ಆರಿಸಿ, ಚೀಲ ಕಟ್ಟಿಕೊಂಡು, ಸುರಿಯುವ ಮಳೆಯಲ್ಲಿ ಸ್ಕೂಟರಿನಲ್ಲಿ ಘಾಟಿ ಇಳಿದು ಬಂದ. ಚೀಲಕ್ಕೆ ಹೊದಿಸಿದ ಪ್ಲಾಸ್ಟಿಕ್ಕು ಎಲ್ಲೋ ಹರಿದಿತ್ತು. ಬಿಚ್ಚಿದರೆ ಕಾಯಿ ಪೂರ್ತಿ ನೆನೆದು ಮೆತ್ತಗಾಗಿದೆ. ಹಾಗೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕಪ್ಪಾಗುತ್ತದೆ, ಸೂಜಿ ಹಾಕಿದರೆ ಬಾಯಿ ಬಿಡುತ್ತದೆ. ಸಾಲದ್ದಕ್ಕೆ ಗಂಡಿನ ಕಡೆಯವರು ಏಲಕ್ಕಿ ವ್ಯಾಪಾರಿಗಳು.

ಅಮ್ಮ ಒಂದು ಹಿಡಿ ತೆಗೆದು ದೋಸೆಕಲ್ಲಿನ ಮೇಲೆ ಬಿಸಿ ಮಾಡಿ ನೋಡಿದಳು. ಕಂದುಬಣ್ಣಕ್ಕೆ ತಿರುಗಿ ಪಟಪಟ ಸಿಡಿದವು. ಮಾಮ ತಲೆ ಮೇಲೆ ಕೈ ಹೊತ್ತ.

"ಬೆಂಕಿ ಆಗಲ್ಲ ಅಕ್ಕಾ. ಮೆತ್ತಗೆ ಸೂಡು ಬೇಕು, ಒಂದೇ ಸಮ. ನಮ್ಮ ಸ್ಟೋರು ಮೇಲ್ಗಡೆ ಐತೆ, ನಾನು ಕೆಳ್ಗಡೆ ಕುಂತಿವ್ನಿ," ಎಂದ. ಸೂಡು ಅಂದರೆ ಬಿಸಿ, ಸ್ಟೋರು ಅಂದರೆ ತೋಟದಲ್ಲಿ ಕಾಯಿ ಒಣಗಿಸುವ ಬಿಸಿ ಕೋಣೆ. "ಮತ್ತೆ ಘಾಟಿ ಹತ್ತಿ ಇಳಿದ್ರೆ ಮತ್ತೆ ನೆನೀತದೆ."

ಇಷ್ಟೆಲ್ಲ ಆಗುವಾಗ ನಾನು ಒಳಗೆ ಏನು ಮಾಡುತ್ತಿದ್ದೆ ಎಂದು ನೀವು ಕೇಳಬಾರದು. ಆದರೆ ಅಪ್ಪ ಕೇಳಿದರು.

"ಮಾಮ ಅಲ್ಲಿ ಮುಖ ಸಪ್ಪೆ ಮಾಡ್ಕೊಂಡು ಕುಂತಿದ್ರೆ ಇಲ್ಲಿ ಆಟ ಬೇರೆ ಕೇಡು. ಆ ಸನಿಯನ್ನ ಆರ್ಸುಡಾ ಮೊದ್ಲು."

ನಾನು ಆರಿಸಲು ಕೈ ಚಾಚುವಷ್ಟರಲ್ಲಿ ಮಾಮ ಬಾಗಿಲಿಗೆ ಬಂದ, ಅಲ್ಲೇ ನಿಂತ. ಮೂಗು ಅರಳಿಸಿದ. ಮಳೆಯ ದಿನವೂ ನನ್ನ ಕೋಣೆ ಚಿತ್ತಿರೈ ತಿಂಗಳ ಬಿಸಿಲಿನಂತಿರುತ್ತದೆ, ನಾನು ಬನಿಯನ್ನಿನಲ್ಲೇ ಕೂರುವವನು. ಮಾಮ ಸೀದಾ ಬಂದು ಕಂಪ್ಯೂಟರಿನ ಹಿಂಬದಿಗೆ ಅಂಗೈ ಒಡ್ಡಿ ಕಣ್ಣು ಮುಚ್ಚಿದ.

"ಮಾಪ್ಳೆ, ಇದು ಎಷ್ಟ್ ಹೊತ್ತು ಹಿಂಗೇ ಊದ್ತದೆ?" ಎಂದು ಅಳಿಯನಾದ ನನ್ನನ್ನು ಕೇಳಿದ.

"ಆಡ್ತಾ ಇದ್ರೆ ಊದ್ತಾನೇ ಇರ್ತದೆ ಮಾಮ."

"ಆರಿಸ್ಬೇಡ. ಮಚ್ಚಾನ್, ಮೊರ ತನ್ನಿ," ಎಂದು ಅಪ್ಪನಿಗೆ ಹೇಳಿದ.

ಕಂಪ್ಯೂಟರಿನ ಬೆನ್ನಿಗೆ ಮೊರ, ಮೊರದಲ್ಲಿ ತೆಳ್ಳನೆ ಬಟ್ಟೆ, ಬಟ್ಟೆಯ ಮೇಲೆ ಕಾಯಿ. ಇಡೀ ಜನ್ಮದಲ್ಲಿ ಮೊದಲ ಸಲ ನನ್ನ ಮನೆಯವರು ನನ್ನ ಸುತ್ತ ನಿಂತು ಆಡು ಆಡು ಎಂದರು. ಹೀಗೆ ಹೇಳಿಸಿಕೊಂಡಾಗಲೇ ಗೊತ್ತಾಗುವುದು, ಆಟ ಎಷ್ಟು ಬೇಗ ಕೂಲಿಯಾಗುತ್ತದೆ ಎಂದು. ನೀರು ಕುಡಿಯಲು ಒಂದು ಗಳಿಗೆ ನಿಲ್ಲಿಸಿದರೆ ಫ್ಯಾನು ಇಳಿಯುತ್ತಿತ್ತು, ಕೂಡಲೇ ಹಿಂದಿನಿಂದ ಮಾಮನ ದನಿ: "ಯಾಕ್ಡಾ ನಿಲ್ಸ್‌ದೆ? ಸೂಡು ಆರ್ತಾ ಐತೆ."

ಅಷ್ಟರಲ್ಲಿ ಅಮ್ಮ ಕರೆದ ಅಡುಗೆಯವರ ಜೊತೆ ಮಾತಾಡಲು ನಾನು ಎದ್ದೇಳಬೇಕಾಯಿತು. ಅಪ್ಪನನ್ನು ಕೂರಿಸಿದೆ. ಅಪ್ಪನ ಕೈಯಲ್ಲಿ ನನ್ನ ಆಟದ ವೀರ ಗೋಡೆಗೆ ಮುಖ ಕೊಟ್ಟು ನಡೆಯುತ್ತಲೇ ಇದ್ದ. ಕಾರ್ಡಿಗೆ ಅದೆಲ್ಲ ಲೆಕ್ಕವಿಲ್ಲ, ಗೋಡೆಯನ್ನೂ ಅಷ್ಟೇ ಶ್ರದ್ಧೆಯಿಂದ ಬಿಡಿಸುತ್ತದೆ. ಆದರೆ ಮಾಮ ಅಂಗೈ ಒಡ್ಡಿಕೊಂಡೇ ಒಂದು ಸಂಶೋಧನೆ ಮಾಡಿಬಿಟ್ಟ.

"ಮಚ್ಚಾನ್, ಗೋಡೆ ಬೇಡ. ಆ ಅರುವಿ ಕಡೆ ತಿರುಗ್ಸಿ. ನೀರು ಬೀಳೋದು ನೋಡ್ದ್ರೆ ಜಾಸ್ತಿ ಸೂಡು ಬರ್ತದೆ."

ನಿಜ. ಬೀಳುವ ನೀರಿನ ಹನಿ ಹನಿ ಬಿಡಿಸುವುದಕ್ಕೆ ಕಾರ್ಡು ಉಸಿರುಗಟ್ಟಿ ದುಡಿಯುತ್ತದೆ. ಪರದೆಯಲ್ಲಿ ಜಲಪಾತ ಧುಮುಕುತ್ತಿತ್ತು, ಹಿಂದೆ ಏಲಕ್ಕಿಯ ನೀರು ಆರುತ್ತಿತ್ತು. ನನ್ನ ಕೊಯ್ದ ಪೆಟ್ಟಿಗೆಯಿಂದ ಇಡೀ ಮನೆಗೆ ಪಾಯಸದ ವಾಸನೆ.

ಸೆಲ್ವ ಮಾರನೆಯ ದಿನದ ಬ್ಯಾನರು ಕೊಡಲು ಬಂದವನು ಈ ದೃಶ್ಯ ನೋಡಿ ಬಾಗಿಲಲ್ಲೇ ಕುಸಿದು ಕೂತ. ನಗು ನಿಂತ ಮೇಲೆ, "ನನ್ನ ಕನ್ಸೋಲೂ ತರ್ತೀನಿ ಇರು, ಒಂದು ಮೊರ ಅದಕ್ಕೂ ಕೊಡಿ," ಎಂದು ಓಡಿದ. ತಂದ, ಸಿಕ್ಕಿಸಿದ, ಅದೇ ಥರದ ಜಲಪಾತದ ಮುಂದೆ ನಿಲ್ಲಿಸಿದ. ಅವನದು ಸಣ್ಣ ಜಾತಿಯ ಪೆಟ್ಟಿಗೆ, ಬೆವರದೆ ಓಡುವಂಥದು. ಮಾಮ ಅದರ ಹಿಂದೆ ಕೈಯಿಟ್ಟು ಬಹಳ ಹೊತ್ತು ಕಾದ.

"ಇದು ಜ್ವರ ಬಿಟ್ಟ ಕೂಸಿನ ಹಣೆ ಥರ ಐತೆ ತಂಬಿ. ಒಳ್ಳೆ ಪೆಟ್ಟಿಗೇನೇ. ಮನೇಲಿಟ್ಕೋ."

ಆ ಕ್ಷಣದ ಬಗ್ಗೆ ನಾನು ಮಹಾಕಾವ್ಯ ಬರೆಯಬಲ್ಲೆ. ಕೊಟ್ಟ ದುಡ್ಡಿಗೆ ಬಂದ ಫಲ ಎಷ್ಟು ಎಂಬ ಪರೀಕ್ಷೆಯಲ್ಲಿ ನನ್ನ ಇಟ್ಟಿಗೆ ಕನ್ಸೋಲನ್ನು ಸೋಲಿಸಿತು, ಅದೂ ಏಲಕ್ಕಿ ಬಲ್ಲವನ ಅಂಗೈಯ ಮುಂದೆ. ದಿಂಡಿಗಲ್ಲಿನ ಅಂಗಡಿಯವನ ಮಾತು ಕೇಳಿ ಚುರುಕಾದ, ತಣ್ಣನೆಯ, ಅಗ್ಗದ ಕಾರ್ಡು ತಂದಿದ್ದರೆ ಅವತ್ತು ಅದು ಉಪಯೋಗಕ್ಕೆ ಬರುತ್ತಿರಲಿಲ್ಲ. ನಾವು ಯಂತ್ರಗಳನ್ನು ಪಕ್ಕಪಕ್ಕ ಇಟ್ಟು ಪಟ್ಟಿ ಮಾಡುತ್ತೇವೆ: ಬೆಲೆ, ವೇಗ, ಕರೆಂಟು. ಸೋದರಮಾವನ ಮಾನ ಕಾಯುತ್ತದೆಯೇ ಎಂಬ ಸಾಲು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಹಾಗಂತ ನನ್ನದು ಜಾಣ ಖರೀದಿ ಎಂದು ವಾದಿಸಲಾರೆ. ತಪ್ಪು ಮಾಡಿದವನ ಮನೆಗೂ ಒಮ್ಮೊಮ್ಮೆ ಒಳ್ಳೆಯ ದಿನ ದಾರಿ ತಪ್ಪಿ ಬರುತ್ತದೆ, ಬಂದಾಗ ಕುರ್ಚಿ ಹಾಕಬೇಕು, ಅಷ್ಟೆ.

ಸಂಜೆಗೆ ಕಾಯಿ ಗಲಗಲ ಎಂದವು. ಅಮ್ಮ, ಅಕ್ಕ, ಮಾಮ ಕೂತು ಪೋಣಿಸಿದರು, ಒಂದೂ ಸೀಳಲಿಲ್ಲ.

ಮರುದಿನ ನಡುಮನೆಯಲ್ಲಿ ಗಂಡಿನ ಕಡೆಯ ಹಿರಿಯರೊಬ್ಬರು ಮಾಲೆಯ ಒಂದು ಕಾಯಿಯನ್ನು ಎರಡು ಬೆರಳಲ್ಲಿ ಹಿಡಿದು ಒತ್ತಿದರು, ಮೂಸಿದರು, ಕಿಟಕಿಯ ಬೆಳಕಿಗೆ ತಿರುಗಿಸಿದರು.

"ಪಚ್ಚೆ ಬಣ್ಣ ಕೆಟ್ಟಿಲ್ಲ," ಎಂದರು ಅವರು. "ಯಾರ ಸ್ಟೋರ್‌ನಲ್ಲಿ ಒಣಗ್ಸಿದ್ದು?"

"ನಮ್ಮ ಮಾಪ್ಳೆ ಸ್ಟೋರು," ಎಂದ ಮಾಮ, ನನ್ನತ್ತ ಕೈ ತೋರಿಸಿ. ಹಿರಿಯರು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, ಗೌರವದಿಂದ ತಲೆಯಾಡಿಸಿದರು. ಸೆಲ್ವ ಕೆಮ್ಮುತ್ತಾ ಹೊರಗೆ ಹೋದ.

ಮಾಮ ಮಾಲೆ ಹಾಕಿದ. ಅಕ್ಕ ಕಾಲಿಗೆ ಬಿದ್ದು ಎದ್ದಳು, ಮಾಲೆಯನ್ನೊಮ್ಮೆ ಮಾಮನನ್ನೊಮ್ಮೆ ನೋಡಿದಳು, ಅವಳ ಕಣ್ಣು ತುಂಬಿಬಂತು. ಮಾಮ ಗಾಬರಿಯಾಗಿ ಅವಳ ಕಿವಿಯ ಹತ್ತಿರ ಬಗ್ಗಿದ.

"ಅಳ್ಬೇಡ ಕಣ್ಣು, ಮಾಲೆ ನೆನೀತದೆ. ಕರೆಂಟ್ ಬೇರೆ ಹೋಗೈತೆ."